ಗೆರೆಯ ಮೇಲಿನ ಮನೆ

ಸೋಪು ಇನ್ನೂ ಹದಕ್ಕೆ ಬಂದಿರಲಿಲ್ಲ. ಹಂದಿಕೊಬ್ಬೂ ಬೂದಿನೀರೂ ಒಂದಕ್ಕೊಂದು ಒಪ್ಪಿಕೊಳ್ಳುವ ಹೊತ್ತಿನಲ್ಲಿ ಕೈ ನಿಲ್ಲಿಸಿದರೆ ಎರಡೂ ಮುನಿಸಿಕೊಂಡು ಬೇರೆಯಾಗುತ್ತವೆ. ಆಮೇಲೆ ಯಾರು ಎಷ್ಟು ಸಮಾಧಾನ ಹೇಳಿದರೂ ಕೂಡುವುದಿಲ್ಲ. ಹಾಗಾಗಿ ಬೆಳಗಿನಿಂದ ಅಂಗಳದ ಕಡಾಯಿಯ ಮುಂದೆ ನಿಂತು ಉದ್ದನೆಯ ಮರದ ಸಟ್ಟುಗವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದೆ. ನಾನು ಯಾವ ಕಡೆ ಹೋಗಿ ನಿಂತರೂ ಹೊಗೆ ನನ್ನ ಮುಖಕ್ಕೇ ಬರುತ್ತಿತ್ತು. ನೆಬ್ರಾಸ್ಕಾದ ಗಾಳಿಗೆ ವಿಧವೆಯರೆಂದರೆ ಅದೇನು ಪ್ರೀತಿಯೋ.

ಆ ಹೊತ್ತಿಗೆ ಸರಿಯಾಗಿ ಡಿನ್ಸ್‌ಡೇಲ್ ದಂಪತಿಯ ಬಂಡಿ ಬಂದು ನಿಂತಿತು. ಫಿಲೂರಾ ಡಿನ್ಸ್‌ಡೇಲ್ ನನ್ನ ಹತ್ತಿರದ ನೆರೆಯವಳು, ಅಂದರೆ ಬಂಡಿಯಲ್ಲಿ ಅರ್ಧ ಗಂಟೆಯ ದಾರಿ. ನಮ್ಮ ಊರು ಪ್ಲಮ್ ಹಳ್ಳದ ಕ್ರೈಸ್ತ ಸಭೆಯಲ್ಲಿ ಹೆಂಗಸರ ಕಡೆಯ ಮೊದಲ ಬೆಂಚು ಅವಳದು. ಗಂಡ ಆರ್ಸನ್ ಒಳ್ಳೆಯ ಮನುಷ್ಯ. ಅವನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಆ ಮಾತನ್ನು ಮುಗಿಸಿರುತ್ತಾಳಾದ್ದರಿಂದ, ಬಾಯನ್ನು ತಂಬಾಕಿಗೆ ಮಾತ್ರ ಇಟ್ಟುಕೊಂಡಿದ್ದಾನೆ.

"ಕೆಜಾಯಾ," ಎಂದಳು ಫಿಲೂರಾ, ಇಳಿಯುವ ಮೊದಲೇ. "ನಾನೇನ್ ನಿಂಗೆ ಹೊರಗಿನೋಳಾ?"

"ಯಾಕೇ, ಏನಾಯ್ತು?"

"ಏನಾಯ್ತು ಅಂತ ನನ್ನೇ ಕೇಳ್ತಾಳೆ ನೋಡಿ. ಗಿರಣಿಯಲ್ಲಿ ಗೊತ್ತಾಯ್ತು ಕಣೇ ನಂಗೆ, ಗಿರಣಿಯಲ್ಲಿ. ಹಿಟ್ಟಿನ ಚೀಲ ಹೊರೋನು ಹೇಳ್ದ. ನಿನ್ ಗಂಡ ತೀರ್ಕೊಂಡಾಗ ನಿನ್ ಪಕ್ಕ ಮೂರು ರಾತ್ರಿ ಕೂತಿದ್ದೋಳು ನಾನು, ಆ ಚೀಲದೋನಾ?"

"ಏನ್ ಹೇಳ್ದ ಅವನು?"

"ನೀನೂ ಎಲ್ಕಾನಾ ಟ್ರಿಪ್ಪೂ ಮದ್ವೆ ಆಗ್ತಿದೀರಂತೆ."

ನನ್ನ ಸಟ್ಟುಗ ನಿಂತಿತು. ಕಡಾಯಿಯಲ್ಲಿ ಕೊಬ್ಬು ತಕ್ಷಣ ಬೇರೆಯಾಗಲು ಹೊರಟಿತು. ಮತ್ತೆ ತಿರುಗಿಸತೊಡಗಿದೆ.

ಟ್ರಿಪ್ ಯಾರೆಂದು ಹೇಳಿಬಿಡುತ್ತೇನೆ. ಹೋದ ವರ್ಷ ಓಹಾಯೋ ಕಡೆಯಿಂದ ಬಂದವನು. ನನ್ನ ಜಮೀನಿನ ಪೂರ್ವಕ್ಕೆ ಅವನ ಜಮೀನು. ಸಭೆಯಲ್ಲಿ ಕೀರ್ತನೆ ಹಾಡುವಾಗ ಎಲ್ಲರೂ ಮುಗಿಸಿದ ಮೇಲೆ ಒಂದು ಸಾಲು ಉಳಿಸಿಕೊಂಡು ಒಬ್ಬನೇ ಹಾಡುವವನು. ನೇಗಿಲನ್ನು ಎರವಲು ಕೊಟ್ಟು, ಕೊಟ್ಟದ್ದನ್ನು ಮರೆತು, ಅದೇ ನೇಗಿಲನ್ನು ಎರವಲು ತಂದು, ಧನ್ಯವಾದ ಹೇಳಿ ವಾಪಸು ಕೊಟ್ಟವನು. ಅವನೊಂದಿಗೆ ನಾನು ಆಡಿದ ಅತ್ಯಂತ ಮಧುರವಾದ ಮಾತೆಂದರೆ, "ನಿಮ್ಮ ಎತ್ತು ನನ್ನ ಎಲೆಕೋಸು ತಿಂತಿದೆ" ಎಂಬುದು.

"ಯಾರ್ ಹೇಳಿದ್ದು ಮದ್ವೆ ಅಂತ?"

"ಯಾರಾದ್ರೂ ಹೇಳ್ಬೇಕಾ? ಅವನು ಮನೆ ಕಟ್ತಿದಾನಲ್ಲ, ಕಣ್ಣಿದ್ದೋರಿಗೆ ಕಾಣಲ್ವಾ? ನಿಮ್ಮಿಬ್ರ ಜಮೀನಿನ ಗೆರೆ ಮೇಲೆ. ಅರ್ಧ ನಿನ್ ಕಡೆ, ಅರ್ಧ ಅವನ್ ಕಡೆ."

ಆರ್ಸನ್ ತಲೆಯಾಡಿಸಿದ. "ನಡುಮಧ್ಯಕ್ಕೆ—"

"—ಅಳೆದಿಟ್ಟ ಹಾಗೆ," ಎಂದು ಫಿಲೂರಾ ಮುಗಿಸಿದಳು.

ಇಲ್ಲಿ ಒಂದು ಪದ್ಧತಿಯಿದೆ. ಸರ್ಕಾರ ಕೊಡುವ ಜಮೀನು ನಮ್ಮದಾಗಬೇಕಾದರೆ ಐದು ವರ್ಷ ಅದರ ಮೇಲೆಯೇ ವಾಸವಿರಬೇಕು, ಅದರ ಮೇಲೆಯೇ ಮಲಗಬೇಕು. ಅಕ್ಕಪಕ್ಕದ ಜಮೀನಿನ ಗಂಡೂ ಹೆಣ್ಣೂ ಮನಸ್ಸು ಕೂಡಿಸಿಕೊಂಡರೆ ಎರಡು ಜಮೀನಿನ ಗೆರೆಯ ಮೇಲೆ ಒಂದೇ ಮನೆ ಕಟ್ಟುತ್ತಾರೆ. ಅವನ ಮಂಚ ಅವನ ಕಡೆ, ಅವಳ ಮಂಚ ಅವಳ ಕಡೆ, ನಡುವೆ ಪರದೆ, ಪರದೆಯ ಬುಡದಲ್ಲಿ ನಿದ್ದೆ ಬಾರದ ಒಬ್ಬ ಸೋದರತ್ತೆ. ಅವಳ ಹಕ್ಕುಪತ್ರ ಕೈಗೆ ಬಂದ ಮೇಲೆ ಮದುವೆ. ಮೊದಲೇ ಮದುವೆಯಾದರೆ ಗಂಡಹೆಂಡಿರು ಸರ್ಕಾರದ ಕಣ್ಣಿಗೆ ಒಂದೇ ಸಂಸಾರ. ಒಂದು ಸಂಸಾರಕ್ಕೆ ಒಂದೇ ಜಮೀನು. ಬಿಟ್ಟುಹೋಗುವುದು ಯಾರದೆಂದು ಯಾರೂ ಕೇಳುವುದಿಲ್ಲ. ಬಿಡುವವಳಿಗೆ ಗೊತ್ತಿರುತ್ತದೆ.

ನನ್ನ ಐದು ವರ್ಷ ಆ ಅಕ್ಟೋಬರಿಗೆ ತುಂಬುವುದಿತ್ತು. ನನ್ನ ಗಂಡ ಲೈಮನ್ ಮೊದಲ ಚಳಿಗಾಲದಲ್ಲೇ ಜ್ವರದಿಂದ ಹೋದ. ಉಳಿದದ್ದನ್ನು ನಾನು ಉತ್ತಿದ್ದೆ. ಮಿಡತೆ ಬಂದ ವರ್ಷ ಜಮೀನಿನಲ್ಲಿ ಉಳಿದದ್ದು ನಾನೂ ನೇಗಿಲಿನ ಕಬ್ಬಿಣವೂ. ಹಿಡಿಯ ಮರವನ್ನೂ ಅವು ಅರ್ಧ ತಿಂದಿದ್ದವು. ಇಷ್ಟಾದ ಮೇಲೆ, ಹಕ್ಕುಪತ್ರಕ್ಕೆ ಎರಡು ತಿಂಗಳಿರುವಾಗ, ಗಿರಣಿಯ ಚೀಲದವನು ನನಗೆ ಮದುವೆ ಮಾಡಿಸಿದ್ದ.

"ಫಿಲೂರಾ, ಇದನ್ನ ಸ್ವಲ್ಪ ತಿರುಗಿಸ್ತಿರು," ಎಂದು ಸಟ್ಟುಗವನ್ನು ಅವಳ ಕೈಗೆ ಕೊಟ್ಟು ಹೊರಟೆ.

"ನೋಡಿ, ನೋಡಿ," ಎಂದು ಹಿಂದಿನಿಂದ ಅವಳು ಆರ್ಸನನಿಗೆ ಹೇಳುವುದು ಕೇಳಿಸಿತು. "ಹೆಸರೆತ್ತಿದ್ದೇ ತಡ, ನಿಂತಲ್ಲಿ ನಿಲ್ಲೋಕಾಗ್ಲಿಲ್ಲ ಅವಳಿಗೆ."

ಟ್ರಿಪ್ ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಇಟ್ಟು ಗೋಡೆ ಎಬ್ಬಿಸುತ್ತಿದ್ದ. ಇಟ್ಟಿಗೆ, ಮರ ಕಾಣದ ಈ ಬಯಲಿನಲ್ಲಿ ಮನೆಯೆಂದರೆ ಬೇರುಸಮೇತ ಕೊಯ್ದ ಹುಲ್ಲುಮಣ್ಣೇ. ಗೋಡೆ ಎದೆಮಟ್ಟ ಬಂದಿತ್ತು. ನನ್ನನ್ನು ಕಂಡು ಟೋಪಿ ತೆಗೆದ. ಟೋಪಿಯೊಳಗಿಂದ ಮಣ್ಣು ಉದುರಿತು.

"ಸಹೋದರಿ ವಾಟ್ರಸ್, ಎತ್ತು ಮತ್ತೆ ಬಂತಾ?"

"ಎತ್ತಿನ ಮಾತು ಬಿಡಿ. ಈ ಮನೆ ಎಲ್ಲಿ ಕಟ್ತಿದೀರಿ ಗೊತ್ತಾ?"

"ನನ್ ಜಮೀನ್ನಲ್ಲಿ."

"ಅರ್ಧ ನನ್ ಜಮೀನ್ನಲ್ಲಿದೆ."

ಅವನು ಗೋಡೆಯನ್ನು ನೋಡಿದ, ನನ್ನನ್ನು ನೋಡಿದ, ಗೋಡೆಯೇ ಕಾಲು ಬಂದು ಈ ಕಡೆ ಸರಿದಿರಬಹುದೇ ಎಂಬಂತೆ ಅದರ ಬುಡವನ್ನು ನೋಡಿದ.

"ಅಳೆದೇ ಕಟ್ಟಿದ್ದು," ಎಂದ. "ಬಂಡಿ ಚಕ್ರಕ್ಕೆ ಬಟ್ಟೆ ಕಟ್ಟಿ, ಎಷ್ಟು ಸುತ್ತು ಬಂತು ಅಂತ ಎಣಿಸ್ಕೊಂಡು. ಎಲ್ರೂ ಹಾಗೇ ಅಲ್ವಾ ಅಳೆಯೋದು?"

"ಎಣಿಸಿದ್ರಾ?"

"ಎಣಿಸ್ದೆ. ಆದ್ರೆ ಹುಲ್ಲಿನಿಂದ ಒಂದು ಕಾಡುಕೋಳಿ ಪುರ್ ಅಂತ ಎದ್ದಿತು. 'ದೇವರಿಗೆ ಸ್ತೋತ್ರ' ಅಂದ್ಬಿಟ್ಟೆ. ಆಮೇಲೆ ಆ ಸುತ್ತು ಎಣಿಸಿದ್ನೋ ಇಲ್ವೋ ಗೊತ್ತಾಗ್ಲಿಲ್ಲ. ಬಿಟ್ರೆ ಮೋಸ ಆಗುತ್ತೆ ಅಂತ ಇನ್ನೊಂದ್ಸಲ ಎಣಿಸ್ದೆ."

"ಒಂದು ಕೋಳಿಗೆ ಇಷ್ಟು ದೂರ ತಪ್ಪುತ್ತಾ?"

"ಕೋಳಿಗಳು ಬಹಳ ಇದ್ವು, ಸಹೋದರಿ."

ಉಸಿರು ಎಳೆದುಕೊಂಡೆ. "ಸರ್ವೆಯವರು ಮೂಲೆಗೆ ಗೂಟ ನೆಟ್ಟಿರ್ತಾರಲ್ಲ, ಅಂಕಿ ಕೆತ್ತಿದ್ದು. ಅದನ್ನ ನೋಡ್ಲಿಲ್ವಾ?"

"ಅಂಕಿ ಕೆತ್ತಿದ್ದಾ? ಇತ್ತು. ಒಳ್ಳೇ ಗೂಟ." ಅವನ ಮುಖ ಬೆಳಗಿತು. "ಎತ್ತು ಕಟ್ಟೋಕೆ ಕಿತ್ಕೊಂಡ್ ಬಂದಿದೀನಿ."

ಅತ್ತ ನೋಡಿದೆ. ಅಮೆರಿಕಾ ಸರ್ಕಾರದ ಗೂಟಕ್ಕೆ ಎತ್ತು ಕಟ್ಟಿಹಾಕಿಸಿಕೊಂಡು ನಿಂತಿತ್ತು. ಅದರ ಬಾಯಲ್ಲಿ ಎಲೆಕೋಸಿನ ಎಲೆಯಿತ್ತು.

ಕೆಡವಿ ಎಂದೆ. ಕೆಡವುತ್ತೇನೆ ಎಂದು ತಕ್ಷಣ ಒಪ್ಪಿಕೊಂಡ. ಆಮೇಲೆ, ಈ ಮಳೆಗಾಲದ ಹಸಿ ಹುಲ್ಲು ಮುಗಿಯಿತು, ಇನ್ನು ಕೊಯ್ದ ಹೆಂಟೆ ಪುಡಿಯಾಗುತ್ತದೆ, ಮೊದಲ ಹಿಮದ ತನಕ ಡೇರೆಯಲ್ಲೇ ಇದ್ದು ಆಮೇಲೆ ದೇವರ ಚಿತ್ತ ಎಂದ. ದೂರಲಿಲ್ಲ, ಬೇಡಲಿಲ್ಲ, ಹವಾಮಾನ ಹೇಳುವವರಂತೆ ಹೇಳಿದ. ಬೇಡಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

"ಸರಿ, ಈ ಚಳಿಗಾಲ ಇರ್ಲಿ," ಎಂದೆ. "ಆದ್ರೆ ಒಳಗೆ ಗೆರೆಗೆ ಸರಿಯಾಗಿ ಒಂದು ಹಗ್ಗ ಕಟ್ಟಿ. ಹಗ್ಗದ ಆ ಕಡೆ ನಿಮ್ದು. ಈ ಕಡೆ ನನ್ ಜಮೀನು, ಕಾಲಿಡ್ಬೇಡಿ. ಮಂಚ ಆ ಕಡೆಯೇ ಹಾಕ್ಕೊಳ್ಳಿ. ನೋಡಿದೋರಿಗೆ ನಮಗೂ ನಿಮಗೂ ಏನೂ ಸಂಬಂಧ ಇಲ್ಲ ಅಂತ ಗೊತ್ತಾಗ್ಲಿ."

ಜಾಣೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಮನೆಗೆ ಬಂದೆ. ಕಡಾಯಿಯಲ್ಲಿ ಕೊಬ್ಬು ಮೇಲೆ, ಬೂದಿನೀರು ಕೆಳಗೆ ನಿಂತಿತ್ತು. ಫಿಲೂರಾ ಸಟ್ಟುಗವನ್ನು ಗಂಡನಿಗೆ ಕೊಟ್ಟು ನನ್ನ ಒಳಮನೆಯಲ್ಲಿ ಮದುವೆಗೆ ಎಷ್ಟು ಜನ ಹಿಡಿಸುತ್ತಾರೆಂದು ನೋಡುತ್ತಿದ್ದಳು.

ನನ್ನ ಜಾಣತನದ ಫಲ ಎರಡು ವಾರದಲ್ಲಿ ಕೈಗೆ ಬಂತು. ಟ್ರಿಪ್ ಹಗ್ಗ ಕಟ್ಟಿದ್ದ. ಮಂಚ ತನ್ನ ಕಡೆ ಹಾಕಿದ್ದ. ಆದರೆ ಬಾಗಿಲೂ ಒಲೆಯ ಹೊಗೆಗಂಡಿಯೂ ಮೊದಲೇ ನನ್ನ ಕಡೆಗೆ ಬಂದುಬಿಟ್ಟಿದ್ದವು. ಅವನು ಒಂದು ಸಲ ಮಾತು ಕೊಟ್ಟರೆ ಮುಗಿಯಿತು. ಕಿಟಕಿಯಿಂದ ಹತ್ತಿ ಒಳಗೆ ಇಳಿಯುತ್ತಿದ್ದ. ಬಾಣಲೆಯ ಹಿಡಿಗೆ ಗುದ್ದಲಿಕಾವು ಕಟ್ಟಿ, ಹಗ್ಗದ ಮೇಲೆ ಬಗ್ಗಿ, ನನ್ನ ಕಡೆಯಲ್ಲಿದ್ದ ಒಲೆಯ ಮೇಲೆ ಹಂದಿಮಾಂಸ ಹುರಿಯುತ್ತಿದ್ದ.

ಬಂದು ನೋಡಿದವರು ಕಣ್ಣೊರೆಸಿಕೊಂಡು ಹೋದರು.

"ಅವಳ ಭಾಗವನ್ನ ಹೇಗಿಟ್ಟಿದಾನೆ ಗೊತ್ತಾ?" ಎಂದು ಫಿಲೂರಾ ಸಾರಿದಳಂತೆ. "ಗುಡಿಸಿ, ಒರೆಸಿ, ಖಾಲಿ. ಒಂದು ಹೆಜ್ಜೆ ಇಡಲ್ಲ. ಅವಳ ಮಂಚಕ್ಕೆ ಜಾಗ ಬಿಟ್ಟಿದಾನೆ. ಬಾಗಿಲೂ ಅವಳಿಗೇ, ಒಲೆನೂ ಅವಳಿಗೇ. ನಮ್ಮ ಆರ್ಸನ್ ಮದ್ವೆಗೆ ಮುಂಚೆ ನನ್ ತಂದೆ ಮನೆ ಅಡುಗೆಕೋಣೆ ಬಿಟ್ಟು ಹೊರಗೆ ಹೋಗಿದ್ದೇ ಇಲ್ಲ."

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮರುದಿನವೇ ಸಭೆಯ ಹೆಂಗಸರು ಕೌದಿ ಹೊಲಿಯುವ ಚೌಕಟ್ಟನ್ನು ಬಂಡಿಯಲ್ಲಿ ಹೇರಿಕೊಂಡು, ಹೇಳದೆ ಕೇಳದೆ ನನ್ನ ಮನೆಗೆ ಬಂದಿಳಿದರು. ಮದುವೆ ಗೊತ್ತಾದವಳ ಕೌದಿಗೆ ಊರ ಹೆಂಗಸರೆಲ್ಲ ಹೊಲಿಗೆ ಹಾಕಬೇಕು. ಮದುವೆ ಗೊತ್ತಾಗದವಳಿಗೆ ಹಾಕುವುದು ಅಪಶಕುನ. ಹೀಗಾಗಿ ಅವರು ಸೂಜಿ ಚುಚ್ಚಿದ ಕ್ಷಣದಲ್ಲೇ ನನ್ನ ಮದುವೆ ಗೊತ್ತಾದಂತಾಯಿತು.

"ಬೇಡ ಅಂದ್ನಲ್ಲ," ಎಂದೆ.

"ನಾಚ್ಕೊಳ್ತಾಳೆ," ಎಂದರು.

"ನಾಚಿಕೆ ಅಲ್ಲ. ಸಿಟ್ಟು."

"ನಂಗೂ ಹಾಗೇ ಆಗಿತ್ತು," ಎಂದಳು ಮುದುಕಿ ಹೆಪ್ಸಿಬಾ ಸ್ಟೌಟ್, ದಾರ ಕಡಿಯುತ್ತ. "ಮದ್ವೆ ಆದ್ಮೇಲೆ ಹೋಗುತ್ತೆ. ಆಮೇಲೆ ಮತ್ತೆ ಬರುತ್ತೆ, ಆ ಮಾತು ಬೇರೆ."

ಅವರು ನನ್ನ ಮನೆಯ ಕಾಕಂಬಿಯೆಲ್ಲ ರೊಟ್ಟಿಗೆ ಹಚ್ಚಿಕೊಂಡು ತಿಂದು, ಸಂಜೆಗೆ ಹಾಡುತ್ತ ಹೋದರು. ನನಗೆ ಅಷ್ಟು ಚೆನ್ನಾದ ಕೌದಿ ಅದಕ್ಕೆ ಮುಂಚೆ ಯಾವತ್ತೂ ಇರಲಿಲ್ಲ ಎಂಬುದು ಇನ್ನಷ್ಟು ಉರಿಸಿತು.

ಬೋಧಕ ಅಸಾಹೆಲ್ ಪ್ರೂಯಿಟ್ ಕುದುರೆಯ ಮೇಲೆ ಊರೂರು ಸುತ್ತುವವರು. ನಮ್ಮ ಹಳ್ಳಕ್ಕೆ ಆರು ವಾರಕ್ಕೊಮ್ಮೆ ಬರುತ್ತಾರೆ. ಆರು ವಾರದಲ್ಲಿ ಸತ್ತವರು, ಹುಟ್ಟಿದವರು, ತಪ್ಪಿ ನಡೆದವರು ಎಲ್ಲರನ್ನೂ ಒಂದೇ ಭಾನುವಾರದಲ್ಲಿ ಮುಗಿಸಿ, ಕೋಳಿಸಾರು ಉಂಡು ಹೊರಡಬೇಕು. ಸೆಪ್ಟೆಂಬರಿನ ಆ ಭಾನುವಾರ ಶಾಲೆಯ ಹುಲ್ಲುಮನೆಯಲ್ಲಿ ಸಭೆ ಸೇರಿತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಮಾಡಿನಿಂದ ಆಗಾಗ ಮಣ್ಣುಹುಳು ಬೀಳುತ್ತಿತ್ತು. ಬೋಧಕರು ಅದನ್ನು ಸತ್ಯವೇದದ ಹಾಳೆಯಿಂದ ಊದಿ ಮುಂದುವರಿಯುತ್ತಿದ್ದರು.

ಹಿಂದಿನ ದಿನವೇ ನಾನು ಟ್ರಿಪ್‌ಗೆ ಕಟ್ಟಪ್ಪಣೆ ಮಾಡಿದ್ದೆ. "ಸಾಕ್ಷಿ ಹೇಳೋ ಹೊತ್ತಿಗೆ ಎದ್ದು ನಿಂತು ನಿಜ ಹೇಳಿ. ಮನೆ ತಪ್ಪಿ ಕಟ್ಟಿದ್ದು, ಮದ್ವೆಗಲ್ಲ ಅಂತ. ಅಷ್ಟೇ. ಕೋಳಿ ಗೀಳಿ ಬೇಡ."

ಅವನು ಎದ್ದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

"ಸಭೆಯೋರೇ," ಎಂದ, "ಆ ಮನೆ ನಾನು ಮದ್ವೆಗೆ ಅಂತ ಕಟ್ಟಿದ್ದಲ್ಲ. ತಪ್ಪಿ ಕಟ್ಟಿದ್ದು. ಸಹೋದರಿ ವಾಟ್ರಸ್‌ನ ಮದ್ವೆ ಆಗ್ಬೇಕು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ."

ಭೇಷ್ ಎಂದುಕೊಂಡೆ. ಅಲ್ಲಿಗೆ ಕೂತಿದ್ದರೆ ಸಾಕಿತ್ತು.

"ಅಂದ್ಕೊಳ್ಳೋ ಧೈರ್ಯ ಇಲ್ಲ," ಎಂದ. "ಅವರು ಉಳೋ ಸಾಲು ನೋಡಿದೀರಲ್ಲ, ದಾರ ಎಳೆದ ಹಾಗಿರುತ್ತೆ. ನಂದು ನೋಡಿದೀರಿ."

ಸಭೆಯಲ್ಲಿ ಒಂದು ನಿಟ್ಟುಸಿರು ಎಡದಿಂದ ಬಲಕ್ಕೆ ಹೋಯಿತು. ಹೆಪ್ಸಿಬಾ ಮುದುಕಿ ಗಟ್ಟಿಯಾಗಿ ಮೂಗೆಳೆದುಕೊಂಡಳು. ಬೋಧಕರು ವೇದಪುಸ್ತಕ ಮುಚ್ಚಿದರು.

"ತನ್ನನ್ನು ತಾನು ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನು," ಎಂದರು. "ಸಹೋದರ ಟ್ರಿಪ್, ಕೂತ್ಕೊಳ್ಳಿ. ಸಹೋದರಿ ವಾಟ್ರಸ್, ಎದ್ದು ನಿಲ್ಲಿ. ಒಂದೇ ಮಾಡಿನ ಕೆಳಗೆ ನಿಮ್ಮಿಬ್ಬರದೂ ಪಾಲಿದೆ. ಹಿಮ ಬಿದ್ರೆ ನಾನು ಬರೋದು ವಸಂತಕ್ಕೇನೆ. ಚಳಿಗಾಲ ಪೂರ್ತಿ ಹೀಗೆ ಬಿಡೋಕಾಗಲ್ಲ. ಇವತ್ತೇ ಮುಗಿಸ್ಬಿಡೋಣ. ಊಟಕ್ಕೆ ಮುಂಚೆ."

"ಬೋಧಕರೇ, ನನ್ ಹಕ್ಕುಪತ್ರ ಅಕ್ಟೋಬರಿಗೆ. ಈಗ ಮದ್ವೆ ಆದ್ರೆ ಜಮೀನು ಹೋಗುತ್ತೆ."

"ಭೂಮಿಯ ಮೇಲೆ ಆಸ್ತಿ ಕೂಡಿಸಿಟ್ಟುಕೊಳ್ಳಬೇಡಿರಿ ಅಂತ ಬರೆದಿದೆ."

"ನಾನ್ ಕೂಡಿಸಿಟ್ಟಿರೋದು ಭೂಮಿನೇ, ಮೇಲೇನೂ ಇಲ್ಲ," ಎಂದೆ. "ಮದ್ವೆ ಇಲ್ಲ. ಅವರು ಕೇಳಿಲ್ಲ, ನಾನು ಒಪ್ಪಿಲ್ಲ. ಕೇಳಿದ್ದು ಗಿರಣಿಯೋನು, ಒಪ್ಪಿದ್ದು ಫಿಲೂರಾ. ಬೇಕಾದ್ರೆ ಅವರಿಬ್ರಿಗೆ ಮಾಡಿಸಿ."

ಮಾಡಿನಿಂದ ಬಿದ್ದ ಹುಳುವನ್ನು ಈ ಸಲ ಬೋಧಕರು ಊದಲಿಲ್ಲ. ಆರ್ಸನ್‌ಗೆ ನಗು ಬಂದು ತಂಬಾಕು ನುಂಗಿಬಿಟ್ಟ.

ಆ ದಿನ ನನಗೆ ಕೋಳಿಸಾರು ಬಡಿಸಿದವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರು ಪಕ್ಷ ಬದಲಿಸಿತ್ತು. ಬೆಳಿಗ್ಗೆ ನಾನು ನಾಚುವ ಮದುಮಗಳು. ಈಗ ಬಡಪಾಯಿಯ ಎದೆಯೊಡೆದ ಕಲ್ಲುಹೃದಯದವಳು. ಅವನ ಮನೆಯ ಒಲೆಯನ್ನೂ ಬಾಗಿಲನ್ನೂ ಕಿತ್ತುಕೊಂಡವಳು. ಕೌದಿ ವಾಪಸು ಕೇಳಬೇಕೇ ಬೇಡವೇ ಎಂಬ ಚರ್ಚೆಯೂ ನಡೆಯಿತಂತೆ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಬಂಡಿ ಏರುವಾಗ ಫಿಲೂರಾ ನನ್ನ ಬಳಿ ಬಂದಳು. "ನಿನ್ ಹಕ್ಕುಪತ್ರಕ್ಕೆ ಸಾಕ್ಷಿ ಯಾರ್ಯಾರು?"

ಅವಳಿಗೆ ಗೊತ್ತಿತ್ತು. ಜಮೀನು ಕಚೇರಿಯ ಪದ್ಧತಿಯಂತೆ ಪತ್ರಿಕೆಯಲ್ಲಿ ಎರಡು ಹೆಸರು ಅಚ್ಚಾಗಿಬಿಟ್ಟಿದ್ದವು: ಆರ್ಸನ್ ಡಿನ್ಸ್‌ಡೇಲ್, ಎಲ್ಕಾನಾ ಟ್ರಿಪ್. ಸುತ್ತಮುತ್ತ ಬೇರೆ ನೆರೆಯವರಿಲ್ಲ. ಇನ್ನು ಬದಲಿಸುವಂತೆಯೂ ಇಲ್ಲ.

"ನಮ್ ಆರ್ಸನ್ ಪ್ರಮಾಣ ಮಾಡಿ ಸುಳ್ಳು ಹೇಳಲ್ಲ," ಎಂದಳು. "ಆ ಮನೆ ನಿಮ್ಮಿಬ್ರದು. ಇಡೀ ಹಳ್ಳಕ್ಕೆ ಗೊತ್ತು. ಹಾಗೇ ಹೇಳ್ತಾನೆ."

"ಅವನು ಹಾಗಂದ್ರೆ ನನ್ನ ವಾಸದ ಮೇಲೇ ಅನುಮಾನ ಬರುತ್ತೆ ಫಿಲೂರಾ. ಐದು ವರ್ಷ."

"ಅದಕ್ಕೇ ಹೇಳಿದ್ದು, ಊಟಕ್ಕೆ ಮುಂಚೆ ಮುಗಿಸ್ಬೇಕಿತ್ತು ಅಂತ."

ಅಕ್ಟೋಬರಿನ ಆ ದಿನ ಮೂವರೂ ಒಂದೇ ಬಂಡಿಯಲ್ಲಿ ಪಟ್ಟಣಕ್ಕೆ ಹೋದೆವು. ಆರ್ಸನ್ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದ. ಹೆಂಡತಿ ಹೇಳಿಕೊಟ್ಟ ಪಾಠ. ಟ್ರಿಪ್ ಹಿಂದೆ ಕೂತು ಕಾಲು ಇಳಿಬಿಟ್ಟುಕೊಂಡು ಚಕ್ರವನ್ನು ನೋಡುತ್ತಿದ್ದ. ನಾನು ಎರಡೂ ಕಡೆ ನೋಡಲಿಲ್ಲ.

ಕಚೇರಿಯ ಗುಮಾಸ್ತನಿಗೆ ನೆಗಡಿಯಾಗಿತ್ತು. ಬೆಳಗಿನಿಂದ ಎಷ್ಟು ಜನರ ಪ್ರಮಾಣ ಕೇಳಿದ್ದನೋ, ಮನುಷ್ಯರ ಮೇಲಿನ ನಂಬಿಕೆಯೆಲ್ಲ ಮೂಗಿನಿಂದ ಸೋರಿಹೋದಂತಿದ್ದ. ಮೊದಲು ಆರ್ಸನ್‌ನನ್ನು ಕೇಳಿದ.

"ಈ ವಿಧವೆ ತನ್ನ ಜಮೀನಿನಲ್ಲೇ, ತನ್ನದೇ ಮನೆಯಲ್ಲಿ ವಾಸ ಇದಾಳಾ?"

"ನನ್ ಹೆಂಡ್ತಿ ಹೇಳೋ ಪ್ರಕಾರ," ಎಂದು ಆರ್ಸನ್ ಶುರು ಮಾಡಿದ, "ಗೆರೆ ಮೇಲೆ ಒಂದು ಮನೆ ಇದೆ, ಅದು ಇವರಿಬ್ರದು, ಇವರಿಬ್ರೂ—"

"ನಿಮ್ಮ ಹೆಂಡತಿ ಸಾಕ್ಷಿಯಾ?"

"ಅಲ್ಲ."

"ಇಲ್ಲಿದಾಳಾ?"

ಆರ್ಸನ್ ಹಿಂದೆ ತಿರುಗಿ ಖಚಿತಪಡಿಸಿಕೊಂಡ. "ಇಲ್ಲ."

"ಹಾಗಾದ್ರೆ ನೀವೇನ್ ಕಂಡಿದೀರಿ, ಅದನ್ನ ಹೇಳಿ."

"ನಾನಾ?" ಎಂದ ಆರ್ಸನ್. ಮಾತು ಮುಗಿಸುವವರು ಯಾರಾದರೂ ಬರುತ್ತಾರೇನೋ ಎಂದು ಸ್ವಲ್ಪ ಕಾದ. ಯಾರೂ ಬರಲಿಲ್ಲ. "ನಾನು ಕಂಡಿದ್ದು ಅಂದ್ರೆ... ಬೆಳಿಗ್ಗೆ ಎದ್ದು ನೋಡಿದ್ರೆ ಅವಳ ಹೊಗೆ ಮೊದ್ಲು ಏಳುತ್ತೆ, ಆಮೇಲೆ ನಮ್ದು. ಐದು ವರ್ಷದಿಂದ. ಹಿಮ ಬಿದ್ದ ದಿನಾನೂ. ಹಳ್ಳದ ದಡದ ಆ ಗುಡಿಸಲಿಂದ್ಲೇ. ಇನ್ನೆಲ್ಲಿಂದ್ಲೂ ಎದ್ದಿದ್ದು ನಾನು ನೋಡಿಲ್ಲ."

ಇಷ್ಟು ಹೇಳಿ ತಾನೇ ಬೆರಗಾಗಿ ಕೂತ. ಇಪ್ಪತ್ತು ವರ್ಷದಲ್ಲಿ ಅವನು ಮುಗಿಸಿದ ಮೊದಲ ಮಾತಿರಬೇಕು.

ಆದರೆ ಗುಮಾಸ್ತನ ಕಿವಿಗೆ ಗೆರೆಯ ಮೇಲಿನ ಮನೆ ಬಿದ್ದಾಗಿತ್ತು. ಲೇಖನಿ ಕೆಳಗಿಟ್ಟ. "ಟ್ರಿಪ್ ಅನ್ನೋರು ಬನ್ನಿ. ಆ ಮನೆ ಯಾರದು?"

"ಅರ್ಧ ನಂದು. ಅರ್ಧ ಅವರ ಜಮೀನಿನ ಮೇಲಿದೆ, ಅದು ಅವರದು."

"ಅವರು ಅಲ್ಲಿ ಇರ್ತಾರಾ?"

"ಒಂದ್ಸಲ ಬಂದಿದ್ರು. ಬೈಯೋಕೆ."

"ನೀವು ಆ ಅರ್ಧದಲ್ಲಿ?"

"ಕಾಲಿಡಲ್ಲ."

"ಒಲೆ ಎಲ್ಲಿದೆ?"

"ಅವರ ಕಡೆ."

"ಮತ್ತೆ ಅಡುಗೆ?"

"ಬಗ್ಗಿ."

ಗುಮಾಸ್ತ ಅದನ್ನು ಬರೆದ, ಬರೆದದ್ದನ್ನು ಓದಿದ, ಹೊಡೆದುಹಾಕಿದ. "ಬಾಗಿಲು?"

"ಅದೂ ಅವರ ಕಡೆ. ನಂಗೆ ಕಿಟಕಿ ಇದೆ."

ಗುಮಾಸ್ತ ಮೂಗು ಒರೆಸಿಕೊಂಡು, ಅವನನ್ನು ಮೊದಲ ಬಾರಿಗೆ ಪೂರ್ತಿ ನೋಡಿದ. "ನೋಡಿ ಇವರೇ, ಯೋಚನೆ ಮಾಡಿ ಮಾತಾಡಿ. ನಾನಿದನ್ನ ಬರ್ಕೊಂಡ್ರೆ ನಿಮ್ಮ ಜಮೀನ್ನಲ್ಲಿ ಬಾಗಿಲೂ ಇಲ್ಲ, ಒಲೆನೂ ಇಲ್ಲ ಅಂತಾಯ್ತು. ಅದನ್ನ ಮನೆ ಅಂತ ಸರ್ಕಾರ ಒಪ್ಪಲ್ಲ. ನಿಮ್ಮ ಈ ವರ್ಷ ಲೆಕ್ಕದಿಂದ ಹೋಗುತ್ತೆ. ಇಬ್ಬರೂ ಸೇರಿ ಕಟ್ಟಿದ ಮನೆ ಅಂದ್ಬಿಡಿ. ಎಷ್ಟೋ ಜನ ಹಾಗೇ ಮಾಡ್ತಾರೆ. ನಿಮ್ಮದು ಉಳಿಯುತ್ತೆ."

"ಆಗ ಇವರದು?"

"ಅದನ್ನ ಆಮೇಲೆ ವಿಚಾರಣೆ ಮಾಡ್ಬೇಕಾಗುತ್ತೆ."

ನಾನು ಕೂತಿದ್ದ ಬೆಂಚಿನ ಅಂಚನ್ನು ಹಿಡಿದೆ. ಈ ಮನುಷ್ಯ ಎಡಬಲ ತಿಳಿಯದವನು. ಕೇಳಿದ್ದಕ್ಕೆಲ್ಲ ಆಯಿತೆನ್ನುವವನು. ಊರವರು ಮದುಮಗ ಎಂದಾಗ ಮದುಮಗನಾಗಿ, ಬಡಪಾಯಿ ಎಂದಾಗ ಬಡಪಾಯಿಯಾಗಿ ನಿಂತವನು. ಇಲ್ಲಿ ಅವನು ಟೋಪಿ ಹಿಂಡಲಿಲ್ಲ. ಕೈ ಎರಡೂ ಸುಮ್ಮನಿದ್ದವು.

"ಬರ್ಕೊಳ್ಳಿ," ಎಂದ. "ನಾನ್ ಹೇಳಿದ ಹಾಗೇ."

ಗುಮಾಸ್ತ ಬರೆದುಕೊಂಡ. ಸೀಲು ಎತ್ತಿ, ಒಂದು ಸೀನು ಸೀನಿ, ನನ್ನ ಕಾಗದದ ಮೇಲೆ ಒತ್ತಿದ.

ವಾಪಸು ಬರುವಾಗ ನನ್ನ ಗುಡಿಸಲು ಕಾಣುವ ಹೊತ್ತಿಗೆ ಆರ್ಸನ್ ಕೇಳಿದ, "ಮನೇಲಿ ಏನ್ ಹೇಳ್ಲಿ?"

"ನಿಜ ಹೇಳಿ."

"ಅದು ಕಷ್ಟ," ಎಂದು ಲಗಾಮು ಎಳೆದ.

ಮರುದಿನ ಬೆಳಿಗ್ಗೆ ಹಾಲು ಕರೆದು ಹೊರಬಂದರೆ ಪೂರ್ವದ ಕಡೆ ಗುದ್ದಲಿಯ ಸದ್ದು. ಬಕೆಟ್ಟು ಕೆಳಗಿಟ್ಟು ಹೋದೆ. ಟ್ರಿಪ್ ನನ್ನ ಜಮೀನಿನ ಹೊರಗೆ, ಗೆರೆಗೆ ಪಾದ ತಾಗಿಸಿ ನಿಂತು, ಗುದ್ದಲಿ ಚಾಚಿ ನನ್ನ ಕಡೆಯ ಗೋಡೆಯನ್ನು ಮೇಲಿನಿಂದ ಬಿಡಿಸಲು ನೋಡುತ್ತಿದ್ದ. ಅಷ್ಟು ದೂರಕ್ಕೆ ಗುದ್ದಲಿ ಸರಿಯಾಗಿ ಎಟುಕುತ್ತಿರಲಿಲ್ಲ. ಎರಡು ಹೆಂಟೆ ಮಾತ್ರ ಕೆಳಗೆ ಬಿದ್ದಿದ್ದವು.

"ಏನಿದು?"

"ನಿಮ್ದು ಆಯ್ತಲ್ಲ, ಸಹೋದರಿ. ಇನ್ನು ಇದನ್ನ ಬಿಚ್ಚಿ ನನ್ನ ಕಡೆ ಇಟ್ಕೊಳ್ತೀನಿ. ಒಂದು ಬಾಗಿಲು ಬೇಕಂತಲ್ಲ." ಸ್ವಲ್ಪ ಉಸಿರಾಡಿಕೊಂಡ. "ಸಹೋದರಿ ಫಿಲೂರಾ ಬಂದಿದ್ರು. ಅಯೋವಾದಿಂದ ಅವರ ಚಿಕ್ಕಪ್ಪನ ಮಗಳು ಲೊವೀಸಾನ ಕರೆಸ್ತಾರಂತೆ. ಯಾಕೆ ಅಂತ ಹೇಳ್ಲಿಲ್ಲ. ಅಡುಗೆ ಬಹಳ ಚೆನ್ನಾಗಿ ಮಾಡ್ತಾಳಂತೆ. ಒಳ್ಳೇದು ಅಂದೆ. ನಾನ್ ಏನಾದ್ರೂ ಒಪ್ಪಿಬಿಟ್ನಾ?"

"ಇನ್ನೂ ಇಲ್ಲ," ಎಂದೆ. "ಇನ್ಮೇಲೆ ಅವಳು ಏನ್ ಹೇಳಿದ್ರೂ ಒಳ್ಳೇದು ಅನ್ಬೇಡಿ. ಆಗ್ಲಿ ನೋಡೋಣ ಅನ್ನಿ."

"ಆಗ್ಲಿ ನೋಡೋಣ," ಎಂದು ಅವನು ಹೇಳಿ ಅಭ್ಯಾಸ ಮಾಡಿಕೊಂಡ.

ನಾನು ಬಾಗಿಲಿನಿಂದ ಒಳಗೆ ಹೋದೆ. ನನ್ನ ಅರ್ಧವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನೆಲವನ್ನು ನಿಜಕ್ಕೂ ಗುಡಿಸಿಟ್ಟಿದ್ದ. ಹಗ್ಗದ ಆಚೆಯಿಂದಲೇ ಗುಡಿಸಲು ಪೊರಕೆಗೂ ಉದ್ದನೆಯ ಕಾವು ಕಟ್ಟಿರಬೇಕು. ಒಲೆಯ ಸುತ್ತ ಬಾಣಲೆಯಿಂದ ತಪ್ಪಿ ಬಿದ್ದ ಮಾಂಸದ ಚೂರುಗಳು ಕರಕಲಾಗಿ ಸಾಲಾಗಿ ಅಂಟಿಕೊಂಡಿದ್ದವು. ಅಷ್ಟೊಂದು ಸಲ ಊಟ ಕೈಜಾರಿದರೂ ಒಂದು ಸಲವೂ ಹಗ್ಗ ದಾಟಿ ಎತ್ತಿಕೊಂಡಿರಲಿಲ್ಲ.

ಹೊರಗೆ ಬಂದೆ.

"ಗುದ್ದಲಿ ಕೆಳಗಿಡಿ. ಈಗ ಬೇಡ. ನೆಲ ಗಟ್ಟಿಯಾಗೋ ಕಾಲ. ಒಣಗಿದ ಹೆಂಟೆ ಬಿಚ್ಚಿದ್ರೆ ಪುಡಿ ಆಗುತ್ತೆ."

"ಹಾಗಾದ್ರೆ ಯಾವಾಗ?"

"ವಸಂತಕ್ಕೆ ನೋಡೋಣ."

"ಅಲ್ಲೀತನಕ ಕಿಟಕಿನಾ?"

"ಬಾಗಿಲಲ್ಲೇ ಓಡಾಡಿ. ನನ್ ಜಮೀನು, ನಾನ್ ಹೇಳ್ತಿದೀನಿ. ಒಲೆ ಹತ್ರ ನಿಂತು ಮನುಷ್ಯರ ಹಾಗೆ ಅಡುಗೆ ಮಾಡ್ಕೊಳ್ಳಿ."

ಅವನು ಬೂಟುಗಳನ್ನು ಹುಲ್ಲಿಗೆ ಚೆನ್ನಾಗಿ ಒರೆಸಿ, ಟೋಪಿ ತೆಗೆದು, ತಾನು ಕಟ್ಟಿದ ಮನೆಯೊಳಗೆ ಮೊದಲ ಬಾರಿಗೆ ಬಾಗಿಲಿನಿಂದ ಹೋದ.

ನೆಲ ಅಂಥ ಗಟ್ಟಿಯೇನೂ ಆಗಿರಲಿಲ್ಲ. ತಿರುಗಿ ಬರುವಾಗ ನನ್ನ ಹಿಮ್ಮಡಿ ಅದರೊಳಗೆ ಇಳಿಯುತ್ತಿತ್ತು. ಮನೆ ಇದ್ದಲ್ಲೇ ಇರುತ್ತದೆ. ಹಿಮ ಕರಗಿ ಬೋಧಕ ಪ್ರೂಯಿಟ್ ಬರುವ ಭಾನುವಾರ ಅವರಿಗೆ ಹೇಳಬೇಕಾದದ್ದನ್ನು ನಾನೇ ಎದ್ದು ನಿಂತು ಹೇಳುತ್ತೇನೆ, ಊಟಕ್ಕೆ ಮುಂಚೆ. ಟ್ರಿಪ್‌ಗೆ ಹಿಂದಿನ ದಿನ ಸಂಜೆ ಹೇಳಿದರೆ ಸಾಕು. ಇನ್ನೂ ಮೊದಲೇ ಹೇಳಿದರೆ ಗಿರಣಿಗೆ ಗೊತ್ತಾಗುತ್ತದೆ. ಜಮೀನು ನನ್ನ ಹೆಸರಿನಲ್ಲಿದೆ, ಇನ್ನು ಅದನ್ನು ಯಾವ ಮದುವೆಯೂ ಅಲ್ಲಾಡಿಸುವುದಿಲ್ಲ. ಹಾಲಿನ ಬಕೆಟ್ಟು ಎತ್ತಿಕೊಳ್ಳುವಷ್ಟರಲ್ಲಿ ಇಷ್ಟೂ ತೀರ್ಮಾನವಾಗಿತ್ತು.

ಅಂಗಳದಲ್ಲಿ ಫಿಲೂರಾ ಕಾಯುತ್ತಿದ್ದಳು.

"ಅವನ ಹತ್ರ ಏನೋ ಮಾತಾಡ್ತಿದ್ದೆ," ಎಂದಳು. "ಏನ್ ಹೇಳ್ದೆ?"

"ನೆಲ ಗಟ್ಟಿ ಇದೆ ಅಂದೆ," ಎಂದು ಒಳಗೆ ಹೋದೆ.